ಹಿರಿಯರನ್ನು ಕೇಳಿ ಬರೆಯುತ್ತಿದ್ದವರು

ನನಗಾಗ ಅರವತ್ತೆರಡು, ಇಪ್ಪತ್ತೈದು ವರ್ಷದ ಮೇಲಾಯಿತು. ಅಮೆರಿಕದ ಮಿಲ್ಪಿಟಾಸಿನಲ್ಲಿದ್ದ ಮಗಳ ಮನೆಗೆ ಬರುತ್ತಿದ್ದ ಇನ್ಶೂರೆನ್ಸಿನವರಿಗೆ ಎಡಗೈ ಕಿರುಬೆರಳು ಅರ್ಧವೇ ಇತ್ತು. ಚಿಕ್ಕಂದಿನಲ್ಲಿ ಕಬ್ಬಿನ ಗಾಣಕ್ಕೆ ಸಿಕ್ಕಿತ್ತಂತೆ. ಆ ಮೋಟು ಬೆರಳಿನಿಂದ ಫಾರಂ ಒತ್ತಿ ಹಿಡಿದು ಬರೆಯುತ್ತಿದ್ದರು. ಮಂಡ್ಯದ ಕಡೆಯವರು.

ಬೇರೆ ಏಜೆಂಟರು ದುಡಿಯುವವರನ್ನು ಕೇಳಿ ಬರೆದುಕೊಂಡು ಹೋಗುತ್ತಿದ್ದರು. ಇವರು ನಮ್ಮ ಜನರ ಮನೆಗಳಲ್ಲಿ ಹಿರಿಯ ಹೆಂಗಸನ್ನೇ ಕೇಳುತ್ತಿದ್ದರು. "ಅಜ್ಜೀರು ಇದ್ದದ್ದು ಇದ್ದಂಗೆ ಹೇಳ್ತಾರೆ" ಎನ್ನುತ್ತಿದ್ದರು. ದಡ್ಡ ಪದ್ಧತಿ.

ಮೊಮ್ಮಗಳಿಗೆ ಹದಿನಾರು ತುಂಬಿ ಕಾರು ಕಲಿಯುತ್ತಿದ್ದಳು. ಅಳಿಯನ ಬಾಯಲ್ಲಿ ದಿನವೂ ಕಂಪನಿ ಷೇರಿನದೇ ಮಾತು. ಆದರೆ ಮೊಮ್ಮಗಳ ಹೆಸರು ಸೇರಿಸಿದರೆ ಕಾರಿನ ಇನ್ಶೂರೆನ್ಸು ಏರುತ್ತದೆ ಎಂದಾಗ ಅವನ ಮುಖ ಹುಳ್ಳಗಾಯಿತು.

"ಕಮ್ಮಿ ಮಾಡೋಕೆ ದಾರಿ ಇದೆ ಸಾರ್" ಎಂದರು ಏಜೆಂಟರು. "ಹೊಸ ಕಾರು ಬೇಡ, ಹಳೇದಕ್ಕೆ ಹೆಸರು ಹಾಕ್ಸಿ. ಡ್ರೈವಿಂಗ್ ಕ್ಲಾಸಿನ ಸರ್ಟಿಫಿಕೇಟ್ ಕೊಟ್ರೆ ಒಂದಿಷ್ಟು ಬಿಡ್ತಾರೆ, ಮಾರ್ಕ್ಸ್ ಚೆನ್ನಾಗಿದ್ರೆ ಇನ್ನೊಂದಿಷ್ಟು. ಏನವ್ವಾ, ಮಾರ್ಕ್ಸ್ ಹೆಂಗೆ?"

"ಮ್ಯಾತ್ಸ್ ಬಿಟ್ಟು ಗುಡ್, ಅಂಕಲ್."

"ಮ್ಯಾತ್ಸೂ ಓದು. ನಿಮ್ಮಪ್ಪನ ಷೇರಿಗಿಂತ ಗ್ಯಾರಂಟಿ."

ಅಳಿಯ ನಗಲಿಲ್ಲ. ಅವರು ಮತ್ತೆ ಬರುವ ಮುಂಚೆ ಅಡುಗೆಮನೆಗೆ ಬಂದು, "ಅತ್ತೆ, ಅವಳು ಪ್ಲೆಸೆಂಟನ್‌ನಲ್ಲಿ ನಮ್ಮಕ್ಕನ ಮನೇಲಿದ್ದು ಓದ್ತಾಳೆ ಅಂದ್ಬಿಡಿ. ಈ ಮನೇಲಿಲ್ಲ ಅಂದ್ರೆ ಇನ್ಶೂರೆನ್ಸು ಏರಲ್ಲ. ನಿಮ್ಮನ್ನೇ ಕೇಳೋದು ಆ ಮನುಷ್ಯ" ಎಂದ.

ಕೇಳಿದರು. ಅಂದುಬಿಟ್ಟೆ. ಅವರು ಬರೆದುಕೊಂಡರು. ನಾನು ಬಡಿಸಿದ ಮುದ್ದೆ, ಸೊಪ್ಪಿನ ಸಾರು ಉಂಡು, ಕೈ ಮುಗಿದು ಹೋದರು.

ಎಂಟು ತಿಂಗಳಿಗೆ ಮೊಮ್ಮಗಳು ಅಂಗಡಿಬೀದಿಯ ತಿರುವಿನಲ್ಲಿ ಇನ್ನೊಂದು ಕಾರಿಗೆ ಗುದ್ದಿದಳು. ಯಾರೂ ಸಾಯಲಿಲ್ಲ. ಹುಡುಗಿ ನಮ್ಮ ಮನೆಯಲ್ಲೇ ಇದ್ದಳೆಂದು ಕಂಪನಿಯವರು ಸ್ಕೂಲಿನಿಂದ ತಿಳಿದುಕೊಂಡರು. ಅಳಿಯ, ಏಜೆಂಟರೇ ಹೀಗೆ ಬರೆದುಕೊಂಡದ್ದು ಎಂದು ಕಂಪನಿಗೆ ಕಾಗದ ಕೊಟ್ಟ. ಮನೆಯ ಅಜ್ಜಿಯನ್ನು ಕೇಳಿ ಬರೆದೆ ಎಂದರೆ ಕಂಪನಿ ನಂಬೀತೇ?

ಏಜೆಂಟರು ನನಗೆ ಫೋನು ಮಾಡಿದರು. "ಅಮ್ಮಾ, ನಾನು ನಿಮ್ಮನ್ನ ಕೇಳಿದ್ದೆ, ನೀವು ಹೇಳಿದ್ರಿ. ಕಂಪನಿಯವರಿಗೆ ಅಷ್ಟು ಹೇಳಿ ಸಾಕು, ನನ್ನ ಕೆಲಸ ಉಳಿಯುತ್ತೆ."

ಅಳಿಯ ಎದುರಿಗೇ ನಿಂತಿದ್ದ. "ನಂಗೇನೂ ತಿಳಿಯಲ್ಲಪ್ಪ, ಅಳಿಯಂದಿರನ್ನ ಕೇಳಿ" ಎಂದೆ.

"ಆಯ್ತಮ್ಮ. ಊಟ ಆಯ್ತಾ?" ಎಂದರು.

ಕೆಲಸ ಹೋಯಿತು. ಗ್ರೋಸರಿ ಅಂಗಡಿಯಲ್ಲಿ ಅಕ್ಕಿ ಮೂಟೆ ಇಳಿಸುತ್ತಿದ್ದರು. ನನ್ನನ್ನು ಕಂಡರೆ ಬೆಂಡೆಕಾಯಿ ತಾವೇ ಮುರಿದು ನೋಡಿ ಎಳೆಯದು ಆರಿಸಿ ಕೊಡುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು. ಎರಡನೆಯ ವರ್ಷ ಆ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಬಿದ್ದರು, ಏಳಲಿಲ್ಲ.

ನೋಡಲು ಹೋದೆ. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡಳು. "'ಆ ಅಮ್ಮ ಸುಳ್ಳು ಹೇಳೋರಲ್ಲ ಕಣೇ, ಹುಡುಗಿ ಸೋದರತ್ತೆ ಮನೆಯಿಂದ ಆಮೇಲೆ ವಾಪಸ್ ಬಂದಿರ್ಬೇಕು' ಅಂತಿದ್ರು ಇವರು. ಹೌದಾ ಅಮ್ಮಾ?"

"ಹೌದು ಕಣಮ್ಮ" ಎಂದೆ.

ಮರುದಿನ ಬೆಳಿಗ್ಗೆ ಎದ್ದು ಅಳಿಯನಿಗೆ ದೋಸೆ ಹೊಯ್ದೆ. "ಇನ್ನೊಂದು ಹಾಕಿ ಅತ್ತೆ" ಎಂದ. ಹಾಕಿದೆ.