ಎರಡು ಬೆರಳು ಬಟ್ಟೆ

ಅಮ್ಮ ದರ್ಜಿ. ಮಕ್ಕಳ ಅಂಗಿಗಳಲ್ಲಿ ಎರಡು ಬೆರಳು ಬಟ್ಟೆ ಒಳಗೆ ಬಿಟ್ಟೇ ಹೊಲಿಯುತ್ತಾಳೆ, ಮುಂದೆ ಬಿಗಿಯಾದರೆ ಹೊಲಿಗೆ ಬಿಚ್ಚಿ ದೊಡ್ಡದು ಮಾಡಲೆಂದು.

ನಾಳೆಯೊಳಗೆ ನಾನು ಗಣಿತವೋ ಜೀವಶಾಸ್ತ್ರವೋ ಎಂದು ಶಾಲೆಯಲ್ಲಿ ಹೇಳಬೇಕು. ಮುಂದೇನು ಓದುತ್ತೇನೆಂದು ನನಗೇ ಗೊತ್ತಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಅವಳ ಮಿಷನ್ನಿನ ಸುತ್ತ ತಿರುಗುತ್ತಿದ್ದೆ.

"ಒಂದು ತಗೊಳ್ಳೇ. ಇನ್ನೊಂದನ್ನ ಒಳಗೆ ಬಿಟ್ಟಿರು, ಬೇಕಾದಾಗ ಬಿಚ್ಕೊಂಡ್ರಾಯ್ತು," ಎಂದಳು ಅಮ್ಮ.

"ಇದೇನು ಅಂಗೀನಾ? ಬಿಟ್ರೆ ಹೋಯ್ತು, ಅಷ್ಟೇ!" ಎಂದು ರೇಗಿದೆ. "ನೀನು ಹೊಲಿಗೇನ ಹೇಗೆ ಆರಿಸ್ಕೊಂಡೆ? ಅದನ್ನಾದ್ರೂ ಹೇಳು."

ಅಮ್ಮ ಹಲ್ಲಿನಿಂದ ದಾರ ಕಡಿದಳು. "ಆರಿಸ್ಕೊಳ್ಳೋದಾ? ನನ್ನನ್ನ ಯಾರು ಕೇಳಿದ್ರು? ಮನೇಲಿ ಮಿಷನ್ ಇತ್ತು, ಕೂರಿಸಿದ್ರು."

ಮಿಷನ್ ಮತ್ತೆ ಓಡತೊಡಗಿತು. ನಾನೂ ಮತ್ತೆ ತಿರುಗತೊಡಗಿದೆ, ಈ ಸಲ ನೆಲದ ಮೇಲೆ ಬಿದ್ದ ಚೂರು ಬಟ್ಟೆಗಳನ್ನು ಆರಿಸುತ್ತಾ.