ಎಡಕ್ಕೆ ಮಾತ್ರ ಹೊರಳುವ ಎತ್ತು

ನಾನು ಐದು ವರ್ಷದವಳಿದ್ದಾಗ ಗೋಳಗುಮ್ಮಟದೊಳಗೆ ನಿಂತು ಒಮ್ಮೆ ಸೀನಿದೆ. ಗುಮ್ಮಟ ತಿರುಗಿ ಏಳು ಸಲ ಸೀನಿತು. ಎಂಟನೆಯ ಸೀನಿಗೆ ಒಳಗೆ ಜಾಗ ಸಾಲಲಿಲ್ಲ. ಅದು ಬಾಗಿಲಿನಿಂದ ಹೊರಬಿದ್ದು ತೊರವಿಯ ತನಕ ಹೋಗಿ, ಅಲ್ಲಿ ಮೇಯುತ್ತಿದ್ದ ಕುರಿಗಳಿಗೆಲ್ಲ ನೆಗಡಿ ಹಚ್ಚಿ ಬಂತು. ಇದೆಲ್ಲ ನಡೆದದ್ದಕ್ಕೆ ನನ್ನ ಬಳಿ ಬರಹದ ಪುರಾವೆ ಇದೆ. ನಂಬದವರು ಟಿಕೋಟಾಕ್ಕೆ ಬಂದು ಓದಿಕೊಂಡು ಹೋಗಬಹುದು, ಚಹಾ ನಮ್ಮದು.

ಪುರಾವೆ ಬರೆದವಳು ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಹಳೆಯ ಗೋಡೆ ಕ್ಯಾಲೆಂಡರನ್ನು ಕತ್ತರಿಸಿ, ಗೋಣಿಚೀಲ ಹೊಲಿಯುವ ದಬ್ಬಣದಿಂದ ಹೊಲಿದು, ಹಾಳೆಗಳ ಬೆನ್ನಿಗೆ ಕತೆ ಬರೆಯುತ್ತಾಳೆ. ಹಾಗಾಗಿ ನನ್ನ ಯಾವ ಪರಾಕ್ರಮವನ್ನು ತಿರುವಿ ಹಾಕಿದರೂ ಹಿಂದೆ ಒಂದು ಏಕಾದಶಿ ಇರುತ್ತದೆ. ಒಟ್ಟು ಹನ್ನೊಂದು ಕತೆಗಳು. ಹನ್ನೊಂದೂ ಪ್ರಾಸದಲ್ಲಿ, ಹನ್ನೊಂದರಲ್ಲೂ ನಾನೇ ನಾಯಕಿ. ಶಾಲೆಯ ಹಾಜರಿಯಲ್ಲಿ ನನ್ನ ಹೆಸರು ಅಕ್ಷತಾ. ಆ ಹೆಸರಿಗೆ ಪ್ರಾಸ ಹುಡುಕಿ ಸುಸ್ತಾದ ಆಯಿ ಅದನ್ನು ಅಕ್ಕು ಮಾಡಿದಳು. ಅಕ್ಕು ಆದದ್ದೇ ತಡ, ಬೆಕ್ಕು, ದಿಕ್ಕು, ಸೊಕ್ಕು, ಉಕ್ಕು ಎಲ್ಲ ನಮ್ಮ ಅಂಗಳದಲ್ಲಿ ಪಾಳಿ ಹಚ್ಚಿ ನಿಂತವು. ಮೊದಲನೆಯ ಕತೆ ನಾನು ರೊಟ್ಟಿ ತಿನ್ನುವುದಿಲ್ಲವೆಂದು ಹಟ ಹಿಡಿದ ದಿನ ಹುಟ್ಟಿದ್ದು:

ಟಿಕೋಟಾದಾಗ ಇದ್ದಳೊಬ್ಬಾಕಿ ಅಕ್ಕು,
ಕೆಮ್ಮಿದರ ನಡಗತಿದ್ದವು ನಾಕೂ ದಿಕ್ಕು.
ರೊಟ್ಟಿ ಒಲ್ಲೆಂದು ಓಡಿದರ ಎದ್ದಿತು ಧೂಳ,
ವಿಜಾಪುರದ ಮಂದಿಗೆ ಹಗಲಿಲ್ಲ ಆರ ತಿಂಗಳ.

ಆ ದಿನ ನಾನು ನಾಲ್ಕು ರೊಟ್ಟಿ ತಿಂದೆನೆಂದು ನನ್ನ ನೆನಪು. ಅರ್ಧ ರೊಟ್ಟಿ ಎಂದು ಅಮ್ಮನ ನೆನಪು. ಅಮ್ಮ ವಿಜಯಪುರದ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ನಾನು ಏನು ಹೇಳಿದರೂ ಅದನ್ನು ಎಂಟರಿಂದ ಭಾಗಿಸುವುದು ಅವಳ ಅಭ್ಯಾಸ.

ಹನ್ನೊಂದೂ ಕತೆಗಳಲ್ಲಿ ನನಗೆ ಒಂದು ವಾಹನವಿತ್ತು. ಅದು ಒಂದು ಎತ್ತು. ಅದಕ್ಕೆ ಎಡಕ್ಕೆ ಹೊರಳಲು ಮಾತ್ರ ಬರುತ್ತಿತ್ತು. ಬಲಕ್ಕೆ ಹೋಗಬೇಕಾದರೆ ಮೂರು ಸಲ ಎಡಕ್ಕೆ ಹೊರಳಬೇಕು. ಆದ್ದರಿಂದ ನಾನು ಟಿಕೋಟಾದಿಂದ ಬಬಲೇಶ್ವರಕ್ಕೆ ಹೊರಟರೆ ಮೊದಲು ಸೊಲ್ಲಾಪುರ ನೋಡಿ, ತಿರುಗಿ ಬರುವಾಗ ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಬಳೆ ಇಟ್ಟುಕೊಂಡು, ಮೂರನೆಯ ದಿನ ಬಬಲೇಶ್ವರ ಮುಟ್ಟುತ್ತಿದ್ದೆ. ಬೆಳಗ್ಗೆ ದವಡೆಯಲ್ಲಿ ಒಂದೇ ಒಂದು ಒಣದ್ರಾಕ್ಷಿ ಇಟ್ಟುಕೊಂಡರೆ ಎತ್ತು ಸಂಜೆಯ ತನಕ ಅದನ್ನೇ ಮೆಲುಕು ಹಾಕುತ್ತಿತ್ತು. ನಾನು ಹುಲಿ ಹಿಡಿದಾಗ, ಮೋಡ ಹಿಂಡಿದಾಗ, ಬಿದ್ದ ಹಲ್ಲಿನಿಂದ ಬಾವಿ ತೋಡಿದಾಗ ಅದು ಬದಿಯಲ್ಲಿ ಸುಮ್ಮನೆ ನಿಂತಿರುತ್ತಿತ್ತು. ಕೆಲಸ ಮುಗಿದ ಮೇಲೆ ನನ್ನನ್ನು ಹೊತ್ತು ಮನೆಗೆ ತರುತ್ತಿತ್ತು. ವಾಹನದ ವಿಷಯ ಅಷ್ಟು ಸಾಕು.

ಪ್ರಾಸದಲ್ಲಿ ಹೇಳಿದ ಸುಳ್ಳಿಗೆ ಒಂದು ಅನುಕೂಲವಿದೆ. ಕೇಳುವವರು ಸಾಲಿನ ಕೊನೆಗೆ ಯಾವ ಪ್ರಾಸ ಬರುತ್ತದೆಂದು ಕಾಯುತ್ತ ಕೂತು, ನಿಜವೋ ಸುಳ್ಳೋ ಕೇಳುವುದನ್ನು ಮರೆಯುತ್ತಾರೆ. ಆಯಿ ಈ ವಿದ್ಯೆ ಕಲಿತದ್ದು ಒಡಪಿನಿಂದ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಮ್ಮ ಕಡೆ ಹಿಂದಿನ ಕಾಲದ ಹೆಂಗಸರು ಗಂಡನ ಹೆಸರನ್ನು ನೇರವಾಗಿ ಹೇಳುವುದಿಲ್ಲ. ಮದುವೆ, ತೊಟ್ಟಿಲು, ಸೀಮಂತದಲ್ಲಿ ಹೇಳಲೇಬೇಕಾಗಿ ಬಂದರೆ ಒಂದು ಪ್ರಾಸ ಕಟ್ಟಿ ಅದರ ತುದಿಗೆ ಹೆಸರು ಸಿಕ್ಕಿಸುತ್ತಾರೆ. ಅದು ಒಡಪು. ಒಮ್ಮೆ ರೇಷನ್ ಕಾರ್ಡು ತಿದ್ದಿಸಲು ಹೋದಾಗ ಖಿಡಕಿಯೊಳಗಿನ ಗುಮಾಸ್ತ, "ಗಂಡನ ಹೆಸರ ಹೇಳಬೇ ಯವ್ವಾ" ಅಂದ. ಆಯಿ ಸೆರಗು ಸರಿ ಮಾಡಿಕೊಂಡು ಹೇಳಿದಳು:

ಹೋಳಿಗಿ ಮ್ಯಾಲ ಹಾಕ್ಯಾರ ತುಪ್ಪ,
ನಮ್ಮ ಮನಿಯವರ ಹೆಸರ ಚನ್ನಪ್ಪ.

ಗುಮಾಸ್ತ, "ತುಪ್ಪ ಸೇರಿಸಿ ಬರೀಲೋ, ಬಿಟ್ಟ ಬರೀಲೋ?" ಅಂದ. ಪಾಳಿಯಲ್ಲಿ ನಿಂತ ನಲವತ್ತೆಂಟು ಜನ ಚಪ್ಪಾಳೆ ತಟ್ಟಿದರು. ಇದ್ದವರು ಆರು ಜನ ಎಂದು ಅಮ್ಮ.

ಇಲ್ಲಿ ಒಂದು ಮಾತು ನೆನಪಿಡಬೇಕು. ಆಯಿಯ ಬಳಿ ಇದ್ದ ಒಡಪು ಇದೊಂದೇ. ಐವತ್ತು ವರ್ಷದಿಂದ ಎಲ್ಲ ಮದುವೆಗೂ ಎಲ್ಲ ತೊಟ್ಟಿಲಿಗೂ ಅದೇ ಹೋಳಿಗೆ, ಅದೇ ತುಪ್ಪ.

ಇನ್ನು ಕತೆ ಕಟ್ಟುವ ಕ್ರಮ. ಆಯಿ ಪಡಸಾಲೆಯಲ್ಲಿ ಮೊರ ಹಿಡಿದು ಒಣದ್ರಾಕ್ಷಿ ಹಸನು ಮಾಡುತ್ತ ಕೂರುತ್ತಾಳೆ. ಎದುರಿಗೆ ಹೊರಸಿನ ಮೇಲೆ ಮುತ್ಯಾ, ಅಂದರೆ ಆ ತುಪ್ಪದ ಚನ್ನಪ್ಪ, ನನ್ನ ಅಜ್ಜ. ಆಯಿ ಒಂದು ಸಾಲು ಗಟ್ಟಿಯಾಗಿ ಹೇಳುತ್ತಾಳೆ. ಮುತ್ಯಾ "ಹೂಂ" ಅನ್ನುತ್ತಾನೆ. ಕೇಳುವವರು ಹೂಂ ಅನ್ನದೆ ಕತೆ ಮುಂದೆ ಹೋಗುವುದಿಲ್ಲ, ಅದು ಅದರ ಪದ್ಧತಿ. ಹೂಂ ಉದ್ದ ಬಂದರೆ ಸಾಲು ಪಾಸು. ಮೊಟಕಾಗಿ ಬಂದರೆ ಆಯಿ ತಿದ್ದುತ್ತಾಳೆ. ಬರದೇ ಇದ್ದರೆ ಅವನು ಎಡಮಗ್ಗುಲಿಗೆ ಮಲಗಿದ್ದಾನೆಂದು ತಿಳಿಯಬೇಕು, ಏಕೆಂದರೆ ಅವನ ಬಲಗಿವಿ ಕೇಳಿಸುವುದಿಲ್ಲ. ಹನ್ನೊಂದು ಕತೆಗಳೂ ಈ ಹೂಂ ಮೇಲೆಯೇ ನಡೆದು ಬಂದವು.

ಈ ಬೇಸಿಗೆಯಲ್ಲಿ ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿ ನಾನು ಟಿಕೋಟಾಕ್ಕೆ ಹೋದೆ. ಅದೇ ಹೊತ್ತಿಗೆ ನಮ್ಮ ಕಾಕಾನಿಗೆ, ಅಂದರೆ ಅಪ್ಪನ ತಮ್ಮನಿಗೆ, ಗಂಡುಮಗು ಹುಟ್ಟಿತ್ತು. ಅವನ ಹೆಂಡತಿ ಕಾಕುವಿನ ತವರು ಬಬಲೇಶ್ವರ, ತೊಟ್ಟಿಲ ಕಾರ್ಯ ಅಲ್ಲೇ. ತೊಟ್ಟಿಲೊಳಗೆ ಹೊಸ ಮೊಮ್ಮಗನಿಗೆ ಹೊಸ ಕತೆ ಇಡಬೇಕೆಂದು ಆಯಿ ಹನ್ನೆರಡನೆಯದಕ್ಕೆ ಕೈ ಹಚ್ಚುವವಳಿದ್ದಳು. ಮಾಜಿ ನಾಯಕಿಯಾಗುವ ಸಂಕಟ ಯಾರಿಗೂ ಬೇಡ. ನಾನು ನನ್ನ ಹಳೆಯ ಹನ್ನೊಂದನ್ನೂ ತೆಗೆದು, ದ್ರಾಕ್ಷಿ ಆರಿಸಲು ಬಂದ ಹೆಂಗಸರ ಮುಂದೆ ಒಂದೊಂದಾಗಿ ಓದತೊಡಗಿದೆ, ಅಭಿನಯ ಸಮೇತ.

ಹನ್ನೊಂದನೆಯದು ಮುಗಿದಾಗ ಹೊರಸಿನಿಂದ ಮುತ್ಯಾ ಕೇಳಿದ, "ಅಕ್ಕು, ಇದರಾಗ ನಾ ಎಲ್ಲಿ ಅದೀನಿ?"

ನಾನು ಹುಡುಕಿದೆ. ದರ್ಜಿ ಇದ್ದ. ಟಂಟಂ ರಿಕ್ಷಾ ಓಡಿಸುವವನಿದ್ದ. ಮೇಲಿನ ಓಣಿಯವರ ಆಡು ಎರಡು ಕತೆಯಲ್ಲಿತ್ತು. ಮುತ್ಯಾ ಇರಲಿಲ್ಲ.

"ಆಡು ಐತಿ, ನಾ ಇಲ್ಲ," ಅಂದ ಮುತ್ಯಾ. "ಮೊಮ್ಮಗಳಿಗೆ ಹನ್ನೊಂದ ಕತಿ. ನನಗ ಒಂದ ಹೋಳಿಗಿ. ಅದೂ ಐವತ್ತ ವರ್ಷದ್ದು, ಹಳಸೈತಿ. ಆ ಎತ್ತೊಂದ ಶ್ಯಾಣ್ಯಾ ಐತಿ ನೋಡು ನಿಮ್ಮ ಕತ್ಯಾಗ. ಉಳಿದಾವೆಲ್ಲ ಬರೇ ಮಾತು."

ಮರುದಿನ ಆಯಿ ಹೊಸ ಕತೆ ಶುರು ಮಾಡಿದಳು. ಮಗುವನ್ನು ಮನೆಯಲ್ಲಿ ಗುಂಡು ಅನ್ನುತ್ತಿದ್ದರು, ಪ್ರಾಸಕ್ಕೆ ತೊಂದರೆ ಇರಲಿಲ್ಲ.

"ಬಬಲೇಶ್ವರದಾಗ ಹುಟ್ಟಿ ಬಂದ ಗುಂಡು," ಅಂದಳು ಆಯಿ.

ಹೊರಸಿನಿಂದ ಏನೂ ಬರಲಿಲ್ಲ.

"ನೋಡಾಕ ಬಂತು ಇರವಿ ದಂಡು."

ಏನೂ ಬರಲಿಲ್ಲ. ಮುತ್ಯಾ ಬಲಮಗ್ಗುಲಿಗೆ, ಅಂದರೆ ಕೇಳಿಸುವ ಕಿವಿ ಮೇಲೆ ಮಾಡಿಕೊಂಡೇ ಮಲಗಿದ್ದ. ಕಣ್ಣು ತೆರೆದೇ ಇದ್ದವು.

"ಹೂಂ ಅನ್ರಿ," ಅಂದಳು ಆಯಿ.

"ಆಡಿಗೆ ಹೇಳು, ಅಂತೈತಿ."

ಕತೆ ಅಲ್ಲಿಗೆ ನಿಂತಿತು. ನನ್ನ ಲೆಕ್ಕದಲ್ಲಿ ನಲವತ್ತು ದಿನ, ಅಮ್ಮನ ಲೆಕ್ಕದಲ್ಲಿ ಐದು. ನಾನು ಹೂಂ ಅಂದು ನೋಡಿದೆ. "ನಿನ್ನ ಹೂಂ ಎಲ್ಲಾದಕ್ಕೂ ಒಂದ ನಮೂನಿ ಬರತೈತಿ, ಅದಕ್ಕ ತೂಕಿಲ್ಲ," ಅಂದಳು ಆಯಿ. ತೊಟ್ಟಿಲಿಗೆ ನಾಲ್ಕು ದಿನ ಉಳಿದಾಗ ಮುತ್ಯಾ ಇನ್ನೊಂದು ಹೇಳಿದ: "ನಾ ಬಬಲೇಶ್ವರಕ್ಕ ಬರಂಗಿಲ್ಲ. ಮತ್ತ ಬೀಗರ ಮುಂದ ಅದ ಹೋಳಿಗಿ ಬಡಸತಾಳ." ಮಗುವಿನ ಅಜ್ಜನೇ ತೊಟ್ಟಿಲಿಗೆ ಬರಲಿಲ್ಲವೆಂದರೆ ಬೀಗರು ಏನು ತಿಳಿದುಕೊಂಡಾರು? ಅಪ್ಪ ತನ್ನ ಗ್ಯಾರೇಜಿನ ಕೆಲಸ ಬದಿಗಿಟ್ಟು ವಿಜಯಪುರದಿಂದ ಎರಡು ಸಲ ಬಂದು ಸಮಾಧಾನ ಹೇಳಿ ಹೋದ. ಮುತ್ಯಾ ಎರಡೂ ಸಲ ಅವನನ್ನು ತನ್ನ ಬಲಗಡೆಗೆ ಕೂರಿಸಿಕೊಂಡು ಕೇಳಿದ.

ಆಗ ನಾನು ಮುಂದೆ ಬಂದೆ. ಒಂದು ಕ್ಯಾಲೆಂಡರ್ ಹಾಳೆ ಕತ್ತರಿಸಿ, ಆಯಿಯ ಹಾಗೆ ದಪ್ಪ ಅಕ್ಷರದಲ್ಲಿ ಬರೆದು, "ಹಳೇ ಗಂಟಿನಾಗ ಸಿಕ್ಕತು" ಎಂದು ಮುತ್ಯಾನ ಎಡಗಿವಿಗೆ ಓದಿದೆ:

ನಮ್ಮೂರ ಗೌಡ ಚನ್ನಪ್ಪ, ಕುಡದ ಹತ್ತ ಕೊಡ ತುಪ್ಪ,
ಮೀಸಿ ತಿರವಿ ನಿಂತರ ಹುಲಿ ಅಂತಿತ್ತು 'ತಪ್ಪಾತಪ್ಪ'.

ಮುತ್ಯಾ ಪೂರ್ತಿ ಕೇಳಿದ. ದವಡೆಯಲ್ಲಿದ್ದುದನ್ನು ಆ ಕಡೆಯಿಂದ ಈ ಕಡೆಗೆ ತಂದ.

"ಇದ ನಿಮ್ಮ ಆಯೀದಲ್ಲ."

"ಹ್ಯಾಂಗ ಹೇಳತಿ?"

"ಒಂದ ಚಮಚ ತುಪ್ಪಕ್ಕ ನಾಕ ಸಲ ಡಾಕ್ಟರನ ಹೆಸರ ಹೇಳಾಕಿ, ಹತ್ತ ಕೊಡ ಕುಡಸ್ತಾಳ? ಹುಲಿ ಬೇಕಾದ್ರ ನಂಬತೇನಿ."

ಕಳ್ಳತನ ಸಿಕ್ಕಿಬಿದ್ದ ಮೇಲೆ ಆಯಿಯ ಬಳಿಗೇ ಹೋದೆ. ಮುತ್ಯಾನನ್ನು ಒಂದು ಕತೆಯಲ್ಲಾದರೂ ಯಾಕೆ ಹಾಕಲಿಲ್ಲ ಎಂದು ಕೇಳಿದೆ. ಆಯಿ ಮೊರದಿಂದ ಕಣ್ಣು ತೆಗೆಯಲಿಲ್ಲ.

"ಹಾಕೇನಲ್ಲ."

"ಎಲ್ಲಿ? ನಾ ಹನ್ನೊಂದೂ ಓದೇನಿ."

"ನೀ ಓದಿದ್ದ ನಿನ್ನ ಹೆಸರ ಬರೋ ಕಡೆ ಅಷ್ಟ. ನಡುವಿಂದ ಓದು."

"ಹೆಸರ ಬರದಿದ್ರ ಅವರಿಗೂ ತಿಳೀತಿತ್ತಲ್ಲ, ಆಯಿ."

"ಹೆಸರ ಬರದರ ಅದು ಕತಿ ಅಲ್ಲ ಬೇ, ಅರ್ಜಿ."

ನಾನು ನಡುವಿನಿಂದ ಓದಿದೆ. ರೊಟ್ಟಿ ಬಿಟ್ಟು ಓಡಿದ ಅಕ್ಕುವನ್ನು ಹೊತ್ತು ತಂದದ್ದು ಯಾರು? ಸೀನಿ ಸುಸ್ತಾದವಳನ್ನು ಗುಮ್ಮಟದ ಬಾಗಿಲಲ್ಲಿ ಕಾಯುತ್ತ ನಿಂತದ್ದು ಯಾರು? ಕೊಟ್ಟಿಗೆಯ ಎತ್ತಿಗೆ ಒಣದ್ರಾಕ್ಷಿಯ ರುಚಿ ಯಾರು ಹಚ್ಚಿಸುತ್ತಾರೆ? ಬೆಳಗ್ಗೆ ಒಂದು ಬಾಯಿಗೆ ಹಾಕಿಕೊಂಡು ಸಂಜೆತನಕ ಅದನ್ನೇ ಸಾಗಿಸುವವನು ಟಿಕೋಟಾದಲ್ಲಿ ಒಬ್ಬನೇ. ಹಾಗೆಯೇ, ಬಲಗಿವಿ ಕೇಳಿಸದೆ ಯಾವಾಗಲೂ ಎಡಕ್ಕೇ ತಿರುಗುವವನೂ ಒಬ್ಬನೇ. ಹನ್ನೊಂದು ಕತೆಗಳ ಉದ್ದಕ್ಕೂ ನಾನು ಆ ಬೆನ್ನ ಮೇಲೆ ಕೂತಿದ್ದೆ. ಒಮ್ಮೆಯೂ ಬಗ್ಗಿ ಮುಖ ನೋಡಿರಲಿಲ್ಲ. ನನಗಿಂತ ದೊಡ್ಡ ಮರೆವು ಮುತ್ಯಾನದು. ಹನ್ನೊಂದು ಕತೆಗೆ ಅಷ್ಟು ಉದ್ದ ಹೂಂ ಅಂದವನಿಗೆ ತಾನು ಯಾರಿಗೆ ಹೂಂ ಅನ್ನುತ್ತಿದ್ದೇನೆಂದು ಗೊತ್ತಿರಲಿಲ್ಲ.

ಹೇಳಲು ಓಡಿದೆ. ಆಯಿ ಲಂಗದ ಚುಂಗು ಹಿಡಿದಳು. "ಬಾಯಿ ಮುಚ್ಚಗೊಂಡಿರು. ನೀ ಹೇಳಿದರ ಎತ್ತ ಹೋಗಿ ಆನಿ ಆಗತೈತಿ." ನನ್ನ ಜೀವನದಲ್ಲಿ ನಾನು ಗುಟ್ಟು ಹಿಡಿದದ್ದು ಆ ಎರಡು ದಿನ ಮಾತ್ರ. ಹೊಟ್ಟೆ ಇಷ್ಟು ಉಬ್ಬಿತ್ತು.

ತೊಟ್ಟಿಲ ದಿನ ಬೆಳಗ್ಗೆ ಟಂಟಂ ಬಂದಾಗ ಅದರೊಳಗೆ ಎಲ್ಲರಿಗಿಂತ ಮೊದಲು, ಹಳದಿ ರುಮಾಲು ಸುತ್ತಿಕೊಂಡು ಕೂತಿದ್ದವನು ಮುತ್ಯಾ. ಮೊಮ್ಮಗನ ಮುಖ ನೋಡುವ ಆಸೆ ಇತ್ತು, ಕತೆಯ ಸಿಟ್ಟೂ ಇತ್ತು. ಎರಡನ್ನೂ ಹೊತ್ತುಕೊಂಡು ಬಬಲೇಶ್ವರ ಮುಟ್ಟಿದ.

ಒಳಮನೆಯಲ್ಲಿ ಹೆಂಗಸರು ತೊಟ್ಟಿಲ ಸುತ್ತ ಸೇರಿದರು. ಗಂಡಸರು ಹೊರಗೆ ಕಟ್ಟೆಯ ಮೇಲೆ ಕೂತರು. ಮುತ್ಯಾ ಮಾತ್ರ ಎರಡು ಸಲ ಜಾಗ ಬದಲಿಸಿ, ಎಡಗಿವಿ ಖಿಡಕಿಯ ಕಡೆಗೆ ಬರುವ ಹಾಗೆ ಕೂತದ್ದನ್ನು ನಾನು ನೋಡಿದೆ. ಮಗುವನ್ನು ತೊಟ್ಟಿಲಿಗೆ ಹಾಕಿದ ಮೇಲೆ ಕಾಕುವಿನ ತಾಯಿ ನಮ್ಮ ಆಯಿಯ ಕೈ ಹಿಡಿದರು. "ಬೀಗತಿ, ನಿಮ್ಮ ಯಜಮಾನರ ಹೆಸರ ಹೇಳ್ರಿ. ಒಡಪ ಇಲ್ಲದ ಊಟಕ್ಕ ಬಿಡಂಗಿಲ್ರಿ."

ಟಿಕೋಟಾದಿಂದ ಬಂದ ನಾವೆಲ್ಲ ಹೋಳಿಗೆಗೆ ತಯಾರಾದೆವು. ಅಮ್ಮನ ತುಟಿ ಆಗಲೇ ತುಪ್ಪದ ಆಕಾರಕ್ಕೆ ಬಂದಿತ್ತು. ಆಯಿ ಸೆರಗು ಸರಿ ಮಾಡಿಕೊಂಡಳು, ಖಿಡಕಿಯ ಕಡೆ ನೋಡದೆ, ತೊಟ್ಟಿಲು ತೂಗುತ್ತ, ಕಟ್ಟೆಯ ತನಕ ಕೇಳಿಸುವ ಧ್ವನಿಯಲ್ಲಿ ಹೇಳಿದಳು:

ಟಿಕೋಟಾದಾಗ ಐತಿ ಒಂದ ಎತ್ತು, ಎಡಕ್ಕಷ್ಟ ಹೊಳ್ಳೂದು ಅದಕ ಗೊತ್ತು,
ದವಡ್ಯಾಗ ಒಂದ ದ್ರಾಕ್ಷಿ ಇಟ್ಟ ನಡದೈತಿ ಮೂರೂ ಹೊತ್ತು,
ಅಕ್ಕುನ ಹೊತ್ತ ಬೆನ್ನು ಎಂದೂ ಅಂದಿಲ್ಲ 'ಸಾಕಪ್ಪ',
ಗುಂಡುನ ಹೊರಾಕೂ ಬಂದೈತಿ, ಕೊಂಬಿಲ್ಲ, ಹೆಸರ ಚನ್ನಪ್ಪ.

ಒಳಗೆ ಹೆಂಗಸರು ನಕ್ಕ ನಗೆಗೆ ತೊಟ್ಟಿಲು ತಾನೇ ತೂಗಿತು. ಹೊರಗೆ ಸದ್ದಿಲ್ಲ. ನಾನು ಖಿಡಕಿಯ ಕಡೆ ನೋಡಿದೆ. ಅಮ್ಮನೂ ನೋಡಿದಳು. ಆಮೇಲೆ ಖಿಡಕಿಯಿಂದ ಬಂತು:

"ಹೂಂ."

ಇಷ್ಟು ಉದ್ದದ ಹೂಂ ನಾನು ಕೇಳಿರಲಿಲ್ಲ. ಒಂದು ನಿಮಿಷದ ಹೂಂ. ಅಮ್ಮ ಇದನ್ನು ಭಾಗಿಸಲಿಲ್ಲ.

ತಿರುಗಿ ಬರುವಾಗ ಟಂಟಂನಲ್ಲಿ ಮುತ್ಯಾ ಕೇಳಿದ, "ಎತ್ತಿಗೆ ಕೊಂಬ ಯಾಕ ಇಲ್ಲ?"

"ಇದ್ದೂವು," ಅಂದಳು ಆಯಿ. "ಲಗ್ನ ಆದ ಮ್ಯಾಲ ಉದರಿದೂವು."

"ಹೂಂ," ಅಂದ ಮುತ್ಯಾ. ಇದು ಮೊಟಕಾಗಿತ್ತು, ಆದರೆ ಆಯಿ ತಿದ್ದಲಿಲ್ಲ.

ತೊಟ್ಟಿಲಿಗೆ ತಪ್ಪಿದ ಹನ್ನೆರಡನೆಯ ಕತೆ ಮುಂದಿನ ವಾರ ಮುಗಿಯಿತು. ಗುಂಡು ಎತ್ತಿನ ಮೇಲೆ ಕೂತು ಲೋಕ ಸುತ್ತಲು ಹೊರಡುತ್ತಾನೆ. ಎತ್ತು ಈಗ ಸ್ವಲ್ಪ ಗತ್ತಿನಿಂದ ನಡೆಯುತ್ತದೆ. ಅದರಲ್ಲಿ ನನಗೂ ಒಂದು ಪಾತ್ರವಿದೆ, ಯಾವುದೆಂದು ಕೇಳಿದರೆ "ನಡುವಿಂದ ಓದು" ಅಂದಳು ಆಯಿ. ಈ ಸಲ ನಡುವಿನಿಂದಲೇ ಓದಿದೆ. ದರ್ಜಿ ಬರುತ್ತಾನೆ, ಆಡು ಬರುತ್ತದೆ, ಆಮೇಲೆ ದಾರಿಯಲ್ಲಿ ಒಂದು ದಪ್ಪನೆಯ ಗುಮ್ಮಟ ಸಿಗುತ್ತದೆ. ಅದು ಒಂದು ಮಾತು ಕೇಳಿದರೆ ಏಳು ಮಾಡಿ ಹೇಳುತ್ತದಂತೆ. ಬೇರೆ ಯಾವ ಕೆಲಸವೂ ಅದಕ್ಕೆ ಬರುವುದಿಲ್ಲವಂತೆ. ಓದಿ ಮುಗಿಸಿ ತಲೆ ಎತ್ತಿದರೆ ಹೊರಸಿನ ಮೇಲೆ ಮುತ್ಯಾ ನನ್ನನ್ನೇ ನೋಡುತ್ತ ದ್ರಾಕ್ಷಿ ಆ ಕಡೆಯಿಂದ ಈ ಕಡೆಗೆ ಹೊರಳಿಸುತ್ತಿದ್ದ.

ಆ ಗುಮ್ಮಟ ಯಾರೆಂದು ನನಗೆ ಗೊತ್ತಾಗಲಿಲ್ಲ. ಹಾಗೆಂದು ಈಗಾಗಲೇ ಏಳು ಜನರಿಗೆ ಹೇಳಿದ್ದೇನೆ.