ಸುಧರಿಕೆಯ ಜನ

ಕಳೆದ ತಿಂಗಳು ಫೋನಿಗೊಂದು ಮದುವೆ ಕಾಗದ ಬಂತು. ಪೋರೂರಿನ ಚಿಕ್ಕಪ್ಪನ ಮೊಮ್ಮಗಳ ಮದುವೆ, ತಾಂಬರಂನ ಛತ್ರದಲ್ಲಿ. ಇಂಗ್ಲಿಷಿನಲ್ಲಿದ್ದ ಅದನ್ನು ಮಗಳು ಓದಿ ಹೇಳಿದಳು. “ಸುಧರಿಕೆಗೆ ಯಾರಂತೆ?” ಎಂದು ನನ್ನ ಬಾಯಿಂದ ತಾನಾಗಿ ಬಂತು.

“ಸುಧರಿಕೆಯಾ? ಅಪ್ಪಡಿನ್ನಾ ಎನ್ನಪ್ಪಾ?” ಎಂದಳು, ತಮಿಳಿನಲ್ಲೇ ಬೆಳೆದವಳು. ಹಾಗೆಂದರೆ ಏನು ಎಂದು ನೀವೂ ಕೇಳುತ್ತಿರಬಹುದು. ಹೇಳುತ್ತೇನೆ, ನನಗೂ ಈಗ ಬೇರೆ ಕೆಲಸವಿಲ್ಲ.

ಮನೆಯ ದಪ್ಪ ನಿಘಂಟು ತಿರುವಿದೆ. ಸುಧಾರಿಸು ಇದೆ, ಸುಧಾರಣೆ ಇದೆ. ನಮ್ಮ ಸುಧರಿಕೆ ಮಾತ್ರ ಕಣ್ಣಿಗೆ ಬೀಳಲಿಲ್ಲ. ಸುಧಾರಿಸುವುದರಿಂದಲೇ ಹುಟ್ಟಿದ್ದಿರಬೇಕು, ಆದರೆ ನಾನು ಪಂಡಿತನಲ್ಲ, ಹೋಟೆಲಿನವರ ಮಗ. ದಕ್ಷಿಣ ಕನ್ನಡದ ನಮ್ಮ ಕಡೆ, ಸಮಾರಂಭದಲ್ಲಿ ಎಲೆ ಹಾಕುವುದು, ಬಡಿಸುವುದು, “ಸಾಕಾ, ಇನ್ನೂ ಸ್ವಲ್ಪ ಬಡಿಸ್ಲಾ?” ಎಂದು ವಿಚಾರಿಸುವುದು, ಕೊನೆಗೆ ಬಂದವರನ್ನು ಗೇಟಿನವರೆಗೆ ಕಳಿಸಿಕೊಡುವುದು, ಇಷ್ಟಕ್ಕೂ ಸೇರಿ ಸುಧರಿಕೆ. ಇದಕ್ಕೆ ಸಂಬಳದ ಜನ ಇಲ್ಲ. ಊಟಕ್ಕೆ ಊರೆಲ್ಲ ಬರಬಹುದು. ಸುಧರಿಕೆಗೆ ಕರೆಯುವುದು ತಮ್ಮವರನ್ನು ಮಾತ್ರ. ಹುಡುಗ ಹೇಗೆ ಎಂದು ಯಾರಾದರೂ ಕೇಳಿದರೆ “ಸುಧರಿಕೆಗೆ ನಿಲ್ಲುವವ” ಎಂದರೆ ಸಾಕಿತ್ತು, ಸಂಬಂಧ ಕುದುರುತ್ತಿತ್ತು. ನನ್ನ ಬಗ್ಗೆ ಹಾಗೆ ಯಾರೂ ಹೇಳಿದ ನೆನಪಿಲ್ಲ.

ಅಪ್ಪ, ಚಿಕ್ಕಪ್ಪ ಇಬ್ಬರೂ ತಿರುವೊಟ್ಟಿಯೂರಿನಲ್ಲಿ ಒಟ್ಟಿಗೆ ಹೋಟೆಲು ನಡೆಸುತ್ತಿದ್ದರು. ಅವರು ಮಾತು ಬಿಟ್ಟದ್ದು ಸಾಂಬಾರಿನ ಬೆಲ್ಲಕ್ಕಾಗಿ. ಸುತ್ತಲಿನ ಫ್ಯಾಕ್ಟರಿಗಳಿಂದ ಬರುವ ಗಿರಾಕಿಗಳಿಗೆ ಸಿಹಿ ಸಾಂಬಾರು ಹಿಡಿಸುವುದಿಲ್ಲವೆಂದು ಅಪ್ಪ. ಬೆಲ್ಲ ಬಿದ್ದಿಲ್ಲ ಅಂದರೆ ಅದು ನಮ್ಮ ಸಾಂಬಾರೇ ಅಲ್ಲವೆಂದು ಚಿಕ್ಕಪ್ಪ. ಒಂದು ದಿನ ಚಿಕ್ಕಪ್ಪ ಪೋರೂರಿನ ಬೇರೆ ಹೋಟೆಲಿಗೆ ಹೊರಟೇಬಿಟ್ಟರು. ಎರಡು ವರ್ಷ ಮಾತಿಲ್ಲ, ಕತೆಯಿಲ್ಲ.

ಆಗಲೇ ನನ್ನ ಅಕ್ಕನ ಮದುವೆ ಬಂತು. ಚಿಕ್ಕಪ್ಪ ಬಂದರು. ನನಗೋ ಖುಷಿ. ಮುನಿಸು ಇಳಿಸುವ ಜಾಣ ನಾನೇ ಎಂದುಕೊಂಡು, ಅವರ ಕೈ ಹಿಡಿದು ಮೊದಲ ಪಂಕ್ತಿಯಲ್ಲೇ ಕೂರಿಸಿದೆ. “ನೀವು ಆರಾಮವಾಗಿ ಊಟ ಮಾಡಿ ಚಿಕ್ಕಪ್ಪ. ಬಡಿಸ್ಲಿಕ್ಕೆ ಜನ ಉಂಟು.”

ಅವರ ಮುಖ ಸಣ್ಣದಾಯಿತು. “ಹಾಗಾದ್ರೆ ನಾನು ಊಟಕ್ಕೆ ಬಂದವ ಅಂತ ಆಯ್ತು” ಎಂದರು. ಅರ್ಧ ಉಂಡು, ಯಾರಿಗೂ ಹೇಳದೆ ಹೋದರು.

ಅಪ್ಪ ಸಾರಿನ ಬಕೆಟು ಹಿಡಿದು ಅವರನ್ನೇ ಹುಡುಕುತ್ತಿದ್ದರು. “ಇದನ್ನು ಅವನ ಕೈಗೇ ಕೊಡ್ಬೇಕು ಅಂತ ಇಟ್ಟಿದ್ದೆ. ಅವನನ್ನು ಕೂರ್ಸಿದ್ದು ಯಾರು?” ನಾನು ಕಂಬದ ಹಿಂದೆ ಸರಿದೆ. ಇವತ್ತಿಗೂ ಆ ನಾಚಿಕೆ ಹೋಗಿಲ್ಲ.

ಅಣ್ಣ ತಮ್ಮ ಆಮೇಲೆ ಹೇಗೋ ಒಂದಾದರು. ಚಿಕ್ಕಪ್ಪ ನನಗೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮರ್ಯಾದೆ ಕೊಡತೊಡಗಿದರು. ಅವರ ಮಗನ ಮದುವೆಯಲ್ಲಿ ನನ್ನನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ, ಕೈಮುಗಿದು, “ಸಾವಕಾಶ ಊಟ ಮಾಡಿ” ಎಂದರು. ಅಪ್ಪ ತೀರಿಕೊಂಡ ಮೇಲೆ ನನಗೆ ಉಳಿದ ಹಿರಿಯರು ಅವರೊಬ್ಬರೇ. ಅವರ ಮನೆಯಲ್ಲಿ ನಾನು ನೆಂಟನಾಗಿಯೇ ಉಳಿದುಬಿಡುತ್ತೇನೇನೋ ಎಂಬ ಭಯ ಇಪ್ಪತ್ತೆಂಟು ವರ್ಷ ಕಾಡಿತು.

ಮೊನ್ನೆ ತಾಂಬರಂಗೆ ಹೋದೆವು. ಕೇಟರಿಂಗಿನವರು ಕೈಗೆ ಗ್ಲೌಸ್ ಹಾಕಿಕೊಂಡು ಸಜ್ಜಾಗಿದ್ದರು. ನಾನು ಸುಮ್ಮನೆ ನೆಂಟರ ಸಾಲಿನಲ್ಲಿ ಮಗಳ ಪಕ್ಕ ಕೂತೆ. ಎಲೆಗೆ ಇನ್ನೂ ನೀರು ಚಿಮುಕಿಸಿರಲಿಲ್ಲ, ಹಿಂದೆ ಕೋಲಿನ ಸದ್ದಾಯಿತು.

“ಎಂತ, ಬಂದವನೇ ಕೂತದ್ದಾ?” ಚಿಕ್ಕಪ್ಪ.

“ಕೇಟರಿಂಗಿನವರು ಇದ್ದಾರಲ್ಲ ಚಿಕ್ಕಪ್ಪ.”

“ಅವರು ಬಡಿಸ್ತಾರೆ. ವಿಚಾರಿಸುವವರು ಬೇಡ್ವಾ? ಗಂಡಿನ ಕಡೆಯವರು ಮಾತಾಡಿಸುವವರಿಲ್ಲದೆ ಕೂತಿದ್ದಾರೆ. ಏಳು ಮಾರಾಯ, ನನಗೆ ಕಾಲು ಬರುವುದಿಲ್ಲ.”

ಎದ್ದೆ. ಕಣ್ಣು ತುಂಬಿತ್ತು, ಎದುರಿನ ಸಾಲು ಸರಿಯಾಗಿ ಕಾಣಲಿಲ್ಲ. ಮಗಳೂ ಎದ್ದು ಬಂದಳು, ನಾನು “ಸಾಕಾ?” ಎಂದು ಕನ್ನಡದಲ್ಲಿ ಕೇಳಿದ್ದನ್ನೇ ಅವಳು ತಮಿಳಿನಲ್ಲಿ “ಪೋದುಮಾ?” ಎಂದು ಆಚೆ ಸಾಲಿನಲ್ಲಿ ಕೇಳುತ್ತ ಹೋದಳು. ಮೂರು ಪಂಕ್ತಿ ಮುಗಿಯುವಷ್ಟರಲ್ಲಿ ಮೊಣಕಾಲು ಹಿಡಿದುಕೊಂಡಿತು.

ಕೊನೆಯ ಎಲೆಗಳನ್ನು ಹಾಸಿದರು. ಎಪ್ಪತ್ತೆಂಟರ ಚಿಕ್ಕಪ್ಪ ಅಷ್ಟು ಹೊತ್ತೂ ಉಣ್ಣದೆ ಕಾದಿದ್ದರು. ಪಕ್ಕದ ಕುರ್ಚಿಯನ್ನು ಕೋಲಿನಿಂದ ತಟ್ಟಿದರು.

“ಇನ್ನು ಕೂತ್ಕೊ. ಮನೆಯವರು ಉಣ್ಣುವ ಹೊತ್ತಾಯ್ತು.”